ತುರಪಾಯಿ

ಯಾದಗಿರಿ ಸ್ಟೇಷನ್ ರೋಡಿನ ಲಾಡ್ಲೇಸಾಬನ ಅಂಗಡಿಯಾಗ
ಶುಕ್ರವಾರ ಮಧ್ಯಾಹ್ನ ಮಷಿನ್ನು ಬಾಯಿ ಮುಚ್ಚತದ.
ನಮಾಜು ಮುಗಿಸಿ ಬಂದವನೇ
ಗುಂಡಿ ಡಬ್ಬಿ ಸರಿಸಿ
ಹಿಂದಿನ ಇನ್ನೊಂದು ಡಬ್ಬಿ ತಗೀತಾನ:
ರಬ್ಬರಿನ ಹುಳ.
ನೇರಳೆ ಬಣ್ಣದ್ದು, ಕಾಕಂಬಿ ಬಣ್ಣದ್ದು,
ಬಾಲಕ್ಕಷ್ಟೇ ಹಸಿರು ಹಚ್ಚಿದ್ದೊಂದು.
ಹೈದರಾಬಾದಿನಿಂದ ಅಳಿಯ ತಂದದ್ದು.
ಮೂಸಿದರ ಬಡೇಸೋಪಿನ ವಾಸನಿ.

ನಾ ಹುಟ್ಟಿದ್ದು ಅಂಬಿಗರ ಓಣಿಯಾಗ.
ನಮ್ಮಪ್ಪ ತಾಯಪ್ಪಗ ಹುಳ ಅಂದರ ಹುಳ,
ಬದುವಿಗೆ ಸಲಿಕಿ ಹಾಕಿದರ
ಮೈ ಮುರಕೊಂಡು ಏಳೋದು,
ಎರಿಯಾಗ ಹುಟ್ಟಿ ಎರಿಯಾಗಿ ಸಾಯೋದು.
ಆದರ ಬ್ಯಾಸಿಗಿ ಬಂತಂದರ ಎರಿ ಬಿರೀತದ
ಮೊಣಕೈ ತನಕ ಕೈ ಹೋಗುವಷ್ಟು.
ಹುಳ ಎಲ್ಲಿಗೆ ಇಳದು ಮಲಗತಾವೋ
ಭೂಮಿ ಹೇಳಂಗಿಲ್ಲ.

ಅದಕ್ಕ ಬಂದು ಕುಂತೆ
ಕತ್ತರಿಸಿ ಉಳಿದ ಅಸ್ತರದ ಗುಡ್ಡಿಯ ಪಕ್ಕ.

"ನೋಡು ಮೋನಮ್ಮಾ, ತಲಿಗೆ ಚುಚ್ಚು.
ಉಗುರಿನಷ್ಟು ಇಳಿಸಿ ಬಗಲಿಂದ ಹೊರಗ ತಗಿ.
ಎಳಿ, ಗಾಳದ ಕಣ್ಣು ಮುಳಗೋ ತನಕ ಎಳಿ.
ಈಗ ಗಾಳ ತಿರುವು.
ಹುಳ ಜೋತು ಬಿಡಲಿ, ಅಳತಿ ತಗೋ,
ಎಲ್ಲಿ ಸೋಕತದ ಅಲ್ಲೇ ಮತ್ತ ಚುಚ್ಚು.
ಅವಸರ ಬ್ಯಾಡ.
ಮೊನಿ ತೊಗಲಿನ ಕೆಳಗ ಮಲಗಲಿ
ತುರಪಾಯಿ ಹಾಕಿದಂಗ.
ನೋಡೋರಿಗೆ ಹೊಲಿಗಿ ಕಾಣಬಾರದು,
ಅಂಚು ನಿಲ್ಲಬೇಕು."

ನನ್ನ ಮೊದಲನೇದು ಬಿಲ್ಲಿನಂಗ ಬಾಗಿತ್ತು.
ಬಕೀಟಿನ್ಯಾಗ ಎಳೆದು ತೋರಿಸಿದ,
ಗಿರಗಿರ ಗಿರಗಿರ.
"ಅಳತಿ ತಪ್ಪಿದ ತೋಳು ಕಂಡಿಲ್ಲೇನು?
ತೊಟ್ಟವ ಕೈ ಎತ್ತಿದರ ಇಡೀ ಅಂಗಿ ಏಳತದ."
ಎರಡನೇದು ಹರೀತು.
ಮೂರನೇದಕ್ಕ ಹರಿದದ್ದು ನನ್ನ ಬೆರಳು;
ಸುಣ್ಣ ಹಚ್ಚಿದ, ಬೈಯಲಿಲ್ಲ.
ಏಳೋ ಎಂಟೋ ಆದ ಮ್ಯಾಲೆ ಒಂದು ನೆಟ್ಟಗ ನಿಂತಿತು.
ನಾ ಎಣಿಸಿರಲಿಲ್ಲ.
ಅವ ಎಣಿಸಿದ್ದ: ಒಂದಕ್ಕ ಇಪ್ಪತ್ತೆರಡು ರೂಪಾಯಿ.

ಅಪ್ಪ ಅಂಗೈ ಮ್ಯಾಲೆ ಇಟಗೊಂಡು ನಕ್ಕ.
"ಜೀವ ಇಲ್ಲ, ಸಾಯೋದೂ ಇಲ್ಲ.
ಹಸಿದ ಮೀನು ಇದನ್ನ
ಏನಂತ ತಿಳಕೋಬೇಕವಾ?"

ಆದರೂ ಬಂದ, ಭೀಮಾ ದಂಡಿಗೆ,
ಗುರುಸಣಗಿ ಬ್ರಿಜ್ಜಿನ ಕೆಳಗ,
ಹೊತ್ತು ಇನ್ನಾ ಹುಟ್ಟಿದ್ದಿಲ್ಲ.
ಆಪಿನ ಮೆಳಿ ನೀರಿಗೆ ಬಗ್ಗಿದ ಜಾಗ,
ನಮ್ಮ ಬಲಿ ನಾಕು ಸಲ ಹರಿದ ಜಾಗ.
ಬರಿ ಗಾಳ ಅಲ್ಲಿ ಹೋದರ
ಹುಲ್ಲು ಹಿಡಕೊಂಡು ಬರತದ, ಮೀನಲ್ಲ.

ಬಿಟ್ಟೆ.
ಕಡ್ಡಿ ಸವರಿಕೊಂಡು, ಬೇರು ದಾಟಿಕೊಂಡು
ಇಳೀತು ಹುಳ, ಯಾವುದಕ್ಕೂ ಸಿಗದಂಗ.
ಮೊನಿ ಮುಚ್ಚಿದವರಿಗೆ
ಇಷ್ಟು ಹಾದಿ ಇರತದೇನು
ಅಂತ ಅನಿಸಿತು. ಅನಿಸಿದ್ದರಾಗೇ ಒಂದು ಟಕ್.
ಬಾಗಿಲು ಬಡಿದಂಗಲ್ಲ.
ಕೊಳ್ಳೋಕಿಂತ ಮುಂಚೆ
ಎರಡು ಬೆರಳಿನ್ಯಾಗ ಅರಿವಿ ತಿಕ್ಕಿ ನೋಡಿದಂಗ.

ಎಣಿಸು ಅಂದಿದ್ದ ಲಾಡ್ಲೇಸಾಬ.
ಒಂದು.
ಎರಡು ಅನ್ನಲಿಕ್ಕೆ ಬಾಯಿ ಬರಲಿಲ್ಲ,
ಎಳದೆ.

ಮಲಗಿದ್ದ ಮೊನಿ ಎದ್ದಿತು.
ಆಪು ಅಲ್ಲಾಡಿತು, ನೀರು ಮಗ್ಗಲು ಬದಲಿಸಿತು,
ಬಿದಿರು ನನ್ನ ಹೊಟ್ಟಿಗೆ ಒತ್ತಿತು.
ಮರಲ್ ಮೀನು, ತೋಳುದ್ದ,
ಹಾವಿನ ತಲಿ, ಸಿಟ್ಟಿನ ಕಣ್ಣು,
ದಂಡಿ ಮ್ಯಾಲೆ ಬಿದ್ದರೂ ಬೈಯಾಕತ್ತಿತ್ತು.

ಅಪ್ಪ ಮೀನು ನೋಡಲಿಲ್ಲ.
ದವಡಿ ಬಿಚ್ಚಿ ಹುಳ ತಗದ,
ನೀರಾಗ ಅದ್ದಿ ತೊಳದ,
ಬೆಳಕಿಗೆ ಹಿಡದ.
ಮೊನಿ ಎದ್ದು ಬಂದ ಜಾಗ ಬಾಯಿ ಬಿಟ್ಟಿತ್ತು.

ಬೀಡಿ ಹಚ್ಚಿ ಒಂದೇ ಝುರಕಿ ಎಳದ.
ಕೆಂಡ ಕೆಂಪಾದಾಗ
ಹರಿದಲ್ಲಿಗೆ ಮೆಲ್ಲಕ ತೋರಿಸಿದ.
ರಬ್ಬರು ಕರಗಿ ಕೂಡಿತು, ಊದಿ ಆರಿಸಿದ.
ಹೊಗಿ ವಾಸನಿ, ಅದರಾಗ ಬಡೇಸೋಪು.

"ಇಪ್ಪತ್ತೆರಡು ರೂಪಾಯಿ,"
ಅಂದ ತನಗ ತಾನೇ,
ಆಮ್ಯಾಲೆ ನನ್ನ ಕಡೆ ನೋಡದಂಗ ಕೈ ಚಾಚಿ:
"ಕೊಡು ಇತ್ತಾಗ ಗಾಳ.
ತಲಿ ಯಾವುದು ಇದರದು?"